ತುರಂಗದಿಂದ ದವಾಖಾನೆಗೆ

‘ಜೈಲಿಗೆ ಹೋಗಿ ಬಂದವರು’ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಎರಡು ಅರ್ಥಗಳುಂಟು. 1930ರ ಅಥವಾ 1942ರ ಚಳವಳಿಯ ಪ್ರಸ್ತಾಪ ಬಂದಾಗ ಈ ಮಾತು ಹೂವಿನ ಹಾರವಾಗುತ್ತದೆ. ಮನೆಯ ಹಿರಿಯರ ಭಾವಚಿತ್ರದ ಕೆಳಗೆ ಅಭಿಮಾನದಿಂದ ಬರೆಯಿಸಿಡುವಂಥದಾಗುತ್ತದೆ. ಅದೇ ಮಾತನ್ನು ಓಣಿಯ ಇನ್ನೊಬ್ಬನನ್ನು ಕುರಿತು ಆಡಿದರೆ ದನಿ ತಾನಾಗಿಯೇ ಇಳಿಯುತ್ತದೆ, ಕಣ್ಣು ಆಚೀಚೆ ನೋಡುತ್ತದೆ. ಮಾತು ಒಂದೇ, ಹೋದ ಜಾಗವೂ ಒಂದೇ. ಬಂದ ಮೇಲೆ ಊರು ಅವನಿಗೆ ಯಾವ ಕೆಲಸವನ್ನು ಒಪ್ಪಿಸಿತು ಎಂಬುದರಲ್ಲಿ ಮಾತ್ರ ಅಜಗಜಾಂತರ. ಎಲ್ಲ ಕೆಲಸಗಳ ವಿಚಾರವನ್ನೂ ಇಲ್ಲಿ ಎತ್ತಿಕೊಳ್ಳುವುದಿಲ್ಲ. ರೋಗಿಯ ಆರೈಕೆಯೊಂದನ್ನೇ ಹಿಡಿದು ಕೇಳುವೆ: ತುರಂಗದಿಂದ ಹೊರಬಂದವನ ಕೈಗೆ ನಾವು ಔಷಧದ ಬಾಟಲಿಯನ್ನೂ ಗಾಯದ ಪಟ್ಟಿಯನ್ನೂ ಕೊಟ್ಟದ್ದುಂಟೇ?

‘ತುರಂಗ’ ಎಂಬ ಶಬ್ದಕ್ಕೆ ವಾಚಕರು ನಗಬಾರದು. ಕಾವ್ಯ ಓದಿದವರಿಗೆ ತುರಂಗವೆಂದರೆ ಕುದುರೆ. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆಯ ಹಳಬರಿಗೆ ತುರಂಗವೆಂದರೆ ಜೈಲು. ಮರಾಠಿಯ ದಾರಿಯಿಂದ ಬಂದ ಶಬ್ದವಿದು. ಕಾಲೇಜಿನಲ್ಲಿ ಈ ಎರಡು ಅರ್ಥಗಳನ್ನು ಹೇಳಿದಾಗಲೆಲ್ಲ ಹುಡುಗರು ಖುಷಿಪಡುತ್ತಾರೆ.

ಇಂದು ಬಾಗಲಕೋಟೆ ತಾಲೂಕಿನ ಒಂದು ಊರಾಗಿ ಉಳಿದ ಕಲಾದಗಿ ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯ ಸ್ಥಳವಾಗಿತ್ತು. ಜಿಲ್ಲೆಯ ಹೆಸರೇ ಕಲಾದಗಿ ಜಿಲ್ಲೆ. ಕಲೆಕ್ಟರರ ಕಚೇರಿ, ನ್ಯಾಯಾಲಯ, ದವಾಖಾನೆ, ತುರಂಗ ಇವೆಲ್ಲ ಅಲ್ಲಿದ್ದುವು. 1885ರ ಸುಮಾರಿಗೆ ಇವು ವಿಜಾಪುರಕ್ಕೆ ಹೋದುವು. ಹಿಂದೆ ಉಳಿದದ್ದು ದಾಳಿಂಬೆ, ಚಿಕ್ಕು ಹಣ್ಣುಗಳ ಕೀರ್ತಿ. ಅದಕ್ಕೂ ಮೊದಲು 1876ರಿಂದ 1878ರ ವರೆಗಿನ ಬರಗಾಲ ಈ ಸೀಮೆಯನ್ನು ಉರಿದು ಹಾಕಿತ್ತು. 1872ರ ಖಾನೇಸುಮಾರಿಗೂ 1881ರದಕ್ಕೂ ನಡುವೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ಇಳಿದುಹೋಯಿತು. ಹಸಿದವರು ಕಾಳು ಕದ್ದರು, ಕದ್ದವರು ತುರಂಗಕ್ಕೆ ಹೋದರು. ಒಳಗೆ ಬರುವಾಗಲೇ ಅರ್ಧ ಸತ್ತು ಬಂದವರಿಗೆ ಕೋಲು ಹಿಡಿದ ಪಹರೆಯವನಿಗಿಂತ ಗಂಜಿ ಕುಡಿಸುವ ಕೈ ಹೆಚ್ಚು ಬೇಕಾಗಿತ್ತು.

ಆ ಕೈ ಯಾರದು? ಆಗಿನ ಹಿಂದುಸ್ಥಾನದ ಅನೇಕ ಜಿಲ್ಲಾ ತುರಂಗಗಳ ಮೇಲ್ವಿಚಾರಣೆ ಸಿವಿಲ್ ಸರ್ಜನರ ಪಾಲಿಗೆ ಬಂದಿತ್ತು. ಪ್ರಾಂತಗಳ ಬಂದೀಖಾನೆ ಇಲಾಖೆಯ ಮುಖ್ಯಸ್ಥರೂ ಎಷ್ಟೋ ಸಲ ವೈದ್ಯ ಸೇವೆಯವರೇ. ಆದರೆ ಸರ್ಜನರು ಬಂದು ಹೋಗುವವರು. ಊರಿನ ದವಾಖಾನೆ, ಶವಪರೀಕ್ಷೆ, ದೇವಿ ಹಾಕಿಸುವ ತಪಾಸಣೆ ಇವೆಲ್ಲ ಅವರ ತಲೆಯ ಮೇಲಿದ್ದುವು. ರಾತ್ರಿ ಜ್ವರದವನ ಪಕ್ಕದಲ್ಲಿ ಕುಳಿತವನು, ಬೇಧಿಯವನ ಬಟ್ಟೆ ಬದಲಿಸಿದವನು, ಪಟ್ಟಿ ಬಿಚ್ಚಿ ಕೀವು ಒರೆಸಿದವನು ಇನ್ನೊಬ್ಬ ಕೈದಿ. ಅವನಿಗೆ ಯಾರೂ ಪಾಠ ಹೇಳಲಿಲ್ಲ, ನೋಡಿ ಕಲಿತ. ಮೂರು ನಾಲ್ಕು ವರ್ಷ ಅದೇ ಕೆಲಸ ಮಾಡಿದವನಿಗೆ ನಾಡಿಯ ಓಟ, ನಾಲಿಗೆಯ ಬಣ್ಣ, ಗಾಯ ಮಾಗುವ ವಾಸನೆ ಇವೆಲ್ಲ ತಿಳಿಯದೆ ಇರುತ್ತವೆಯೇ?

1894ರ ತುರಂಗ ಕಾಯದೆಯನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಪ್ರತಿ ತುರಂಗದಲ್ಲಿ ಆಸ್ಪತ್ರೆ ಇರಬೇಕೆಂದು ಅದು ವಿಧಿಸುತ್ತದೆ. ದುಡಿಯುವ ಕೈದಿಯ ತೂಕವನ್ನು ಹದಿನೈದು ದಿನಕ್ಕೊಮ್ಮೆಯಾದರೂ ಅವನ ಚರಿತ್ರೆಯ ಚೀಟಿಯಲ್ಲಿ ಬರೆಯಿಸಬೇಕೆನ್ನುತ್ತದೆ. ಕಠಿಣ ಬೇನೆಯಲ್ಲಿರುವವನನ್ನು, ವೈದ್ಯನು ಸುರಕ್ಷಿತವೆನ್ನುವ ವರೆಗೆ, ಅವನ ಇಚ್ಛೆಯ ವಿರುದ್ಧ ಹೊರಗೆ ಕಳಿಸಬಾರದೆನ್ನುತ್ತದೆ. ತುರಂಗದ ಅಧಿಕಾರಿಯ ಕೆಲಸಕ್ಕೆ ನೇಮಿಸಿದ ಕೈದಿಯನ್ನು ಸರಕಾರಿ ನೌಕರನೆಂದೇ ಎಣಿಸಬೇಕೆಂದೂ ಅದೇ ಕಾಯದೆ ಹೇಳುತ್ತದೆ. ದೇಹದ ಬಗ್ಗೆ ಇಷ್ಟು ಎಚ್ಚರ ವಹಿಸಿದ ಕಾಯದೆಗೆ ಆ ದೇಹ ಕಲಿತ ವಿದ್ಯೆ ಮಾತ್ರ ಕಾಣಲಿಲ್ಲ. ಹೀಗೆ ಒಳಗೆ ಸರಕಾರಿ ನೌಕರನಾಗಿದ್ದವನು ಬಾಗಿಲು ದಾಟಿದೊಡನೆ ಬರಿಗೈಯವನಾಗುತ್ತಿದ್ದ.

ಕೈಯ ಮಾತಾಯಿತು, ಮೈಯನ್ನೂ ಕೊಟ್ಟವರುಂಟು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನೆವರಿಯಲ್ಲಿ ಮೊದಲು ತಾನೇ ಚುಚ್ಚಿಕೊಂಡ. ಅದೇ ತಿಂಗಳ ಕೊನೆಯಲ್ಲಿ ಭಾಯಖಳಾ ಜೈಲಿನಲ್ಲಿ ಪ್ಲೇಗು ತಲೆಯೆತ್ತಿದಾಗ ಮುನ್ನೂರಕ್ಕೂ ಹೆಚ್ಚು ಕೈದಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಲಸಿಕೆಗೆ ಒಪ್ಪಿ ತೋಳು ಚಾಚಿದರು. ಚುಚ್ಚಿಸಿಕೊಳ್ಳದವರಲ್ಲಿ 12 ಜನಕ್ಕೆ ಬೇನೆ ತಗುಲಿ 6 ಜನ ತೀರಿಕೊಂಡರು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ಬೇನೆ ಬಂದರೂ ಯಾರೂ ಸಾಯಲಿಲ್ಲ. ಕೈದಿಯ ‘ಒಪ್ಪಿಗೆ’ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂದು ಇಂದು ನಾವು ಕೇಳಬಹುದು, ಕೇಳಲೂಬೇಕು. ಆದರೆ ಮರುವರ್ಷ, 1898ರಲ್ಲಿ, ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಆ ಲಸಿಕೆ ಹಾಕಿಸಿಕೊಂಡರು. ಹುಬ್ಬಳ್ಳಿಯಲ್ಲಿ ಬದುಕಿಕೊಂಡವರ ಪೈಕಿ ಎಷ್ಟು ಮಂದಿಗೆ ಈ ಕೈದಿಗಳ ತೋಳಿನ ಸುದ್ದಿ ಗೊತ್ತಿತ್ತು?

ಬಂಗಾಳದಲ್ಲಿ ಇನ್ನೊಂದು ಬಗೆ. ಮಲೇರಿಯಕ್ಕೆ ಮದ್ದಾದ ಕ್ವಿನೈನನ್ನು 1892ರಿಂದ ಅಂಚೆ ಕಚೇರಿಗಳಲ್ಲಿ ಒಂದು ಪೈಸೆಗೆ ಒಂದು ಪೊಟ್ಟಣದಂತೆ ಮಾರಲು ತೊಡಗಿದರು. ಆ ಪೊಟ್ಟಣಗಳನ್ನು ತೂಗಿ ಕಟ್ಟಿದವರು ಅಲೀಪುರದ ಜೈಲಿನ ಬಂದಿಗಳು. ಒಂದು ಗುಂಜಿ ಹೆಚ್ಚು ಕಡಿಮೆಯಾದರೂ ನಡೆಯದಂಥ ಕೆಲಸ. ಕಳ್ಳನೆಂದು ಒಳಗಿಟ್ಟವನ ತಕ್ಕಡಿಯ ಮೇಲೆ ಹೊರಗಿನವರು ತಮ್ಮ ಮಕ್ಕಳ ಜ್ವರವನ್ನು ನಂಬಿ ಬಿಟ್ಟಿದ್ದರು! ನಂಬಿಕೆ ಸಾಧ್ಯವಿಲ್ಲವೆಂಬ ಮಾತು ಹಾಗಾದರೆ ಎಲ್ಲಿಂದ ಬಂದಿತು?

1919-20ರಲ್ಲಿ ಸರ್ ಅಲೆಕ್ಸಾಂಡರ್ ಕಾರ್ಡ್ಯೂ ಅವರ ಅಧ್ಯಕ್ಷತೆಯ ಸಮಿತಿ ದೇಶದ ತುರಂಗಗಳನ್ನೂ ಅಂಡಮಾನವನ್ನೂ ನೋಡಿ, ಹೊರದೇಶಗಳಿಗೂ ಹೋಗಿ ಬಂದು, ಅಪರಾಧಿಯನ್ನು ತಿದ್ದಿ ಸಮಾಜಕ್ಕೆ ಮರಳಿಸುವುದೇ ತುರಂಗದ ಗುರಿಯೆಂದು ಬರೆಯಿತು. ಬರಹ ಒಳ್ಳೆಯದೇ. ತಿದ್ದುವ ಉಪಾಯವೆಂದರೆ ಮಾತ್ರ ಮಗ್ಗ, ಬಡಿಗತನ, ಜಮಖಾನೆ, ತೋಟ. ನಮ್ಮ ಭಾಗದವರನ್ನು ಕಳಿಸುತ್ತಿದ್ದ ವಿಜಾಪುರದ ತುರಂಗದಲ್ಲಿಯೂ ಬೆಳಗಾವಿಯ ಹಿಂಡಲಗಾದಲ್ಲಿಯೂ ಕಲಿಕೆಯ ಕಲ್ಪನೆ ಇದಕ್ಕಿಂತ ಬಹಳ ಮುಂದೆ ಹೋಗಲಿಲ್ಲ. ಮುಂಬಯಿ ಸರಕಾರ ‘ಗುನ್ಹೆಗಾರ ಜಾತಿ’ಗಳೆಂದು ಹಣೆಪಟ್ಟಿ ಹಚ್ಚಿ ವಿಜಾಪುರ, ಗದಗ, ಹುಬ್ಬಳ್ಳಿಗಳ ವಸಾಹತುಗಳಲ್ಲಿ ತಂತಿಬೇಲಿಯೊಳಗಿಟ್ಟ ಜನರಿಗೂ ಗಿರಣಿಯ ಕೂಲಿಯೇ ಮುಖ್ಯವಾಯಿತು. ಆ ಕಾಯದೆ 1952ರ ಆಗಸ್ಟ 31ರಂದು ದೇಶದಲ್ಲೆಲ್ಲ ರದ್ದಾಯಿತು. ಅದರ ಕಥೆ ಬೇರೆ. ಒಂದು ಲೇಖನಕ್ಕೆ ಒಗ್ಗುವಂಥದಲ್ಲ.

ಮಗ್ಗದ ಮಾತು ಬಂದಿತು. ಇಳಕಲ್ಲಿನ ವಾಚಕರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ತುರಂಗದಲ್ಲಿ ನೇಯ್ಗೆ ಮಾಡಿದವನು ಹೊರಬಂದು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತರೆ ಅವನನ್ನು ಪರೀಕ್ಷಿಸುವುದು ಸೀರೆ. ಸೆರಗಿನ ತೋಪುತೆನೆ ಸರಿಯಾಗಿ ಕೂಡಿಕೊಂಡಿತೇ, ಅಂಚು ನೆಟ್ಟಗೆ ಬಂದಿತೇ, ಇಷ್ಟೇ ಪ್ರಶ್ನೆ. ಸೀರೆ ಉಟ್ಟವಳಿಗೆ ನೇದವನ ಪೂರ್ವೋತ್ತರ ಬೇಕಿಲ್ಲ. ರೋಗಿಯ ಸಂಗತಿ ಹಾಗಲ್ಲ. ಅವನು ಮೈಯನ್ನೇ ಕೈಗೊಪ್ಪಿಸುತ್ತಾನೆ, ಅದೂ ಶಕ್ತಿಗುಂದಿದ ಹೊತ್ತಿನಲ್ಲಿ. ಆದುದರಿಂದ ಇಲ್ಲಿ ಕಾಗದ ಬೇಕು, ಯಾರಾದರೂ ಜಾಮೀನಾಗಿ ನಿಲ್ಲಬೇಕು. ಇದನ್ನು ಅನ್ಯಾಯವೆಂದು ನಾನು ಹೇಳಲಾರೆ.

ಕಾಗದವಿಲ್ಲದೆಯೂ ಜಾಮೀನು ನಿಂತ ಒಂದು ಪ್ರಸಂಗ ನಮ್ಮ ಬಾಗಲಕೋಟೆಗೇ ಸಂಬಂಧಿಸಿದ್ದು. 1923ರಲ್ಲಿ ನಾಗಪುರದ ಝೆಂಡಾ ಸತ್ಯಾಗ್ರಹಕ್ಕೆ ಹುಬ್ಬಳ್ಳಿ ಸೇವಾ ಮಂಡಳದ ತರುಣರು ಹೋಗಿ ತುರಂಗ ಸೇರಿದರು. ಒಳಗಿನ ಹಿಂಸೆ ತಾಳದೆ ಎಷ್ಟೋ ಮಂದಿ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು, ನಮ್ಮವರು ಬರೆಯಲಿಲ್ಲ. ಈ ಗಟ್ಟಿತನ ದೇಶದ ಮುಖಂಡರ ಕಣ್ಣಿಗೆ ಬಿದ್ದಿತು. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾ ದಳ ಹುಟ್ಟಿತು. ಕಟ್ಟಿದವರು ಡಾಕ್ಟರ್ ನಾರಾಯಣ ಸುಬ್ಬರಾವ ಹರ್ಡೀಕರರು. ಅವರು ಬರಿಯ ಕವಾಯತಿನ ಮನುಷ್ಯರಾಗಿರಲಿಲ್ಲ. ವೈದ್ಯರು, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಸಿಸಿ ಬಂದವರು. ಆದುದರಿಂದ ದಳದ ಶಿಕ್ಷಣದಲ್ಲಿ ಲಾಠಿ, ಸಾಲುನಡಿಗೆಗಳ ಜೊತೆಗೆ ಪ್ರಥಮ ಚಿಕಿತ್ಸೆಯೂ ಶಿಬಿರದ ನೈರ್ಮಲ್ಯವೂ ಸೇರಿಕೊಂಡುವು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರ ಹೊಣೆ ಇವರದೇ. ಮುಂದೆ ಬಾಗಲಕೋಟೆ ದಳದ ತರಬೇತಿಯ ಒಂದು ಮುಖ್ಯ ಕೇಂದ್ರವಾಯಿತು. ದೂರದ ಪ್ರಾಂತಗಳ ತರುಣರೂ ಇಲ್ಲಿಗೆ ಬಂದು ಕಲಿತು ಹೋದರು.

ನಮ್ಮ ಊರಿನ ಇತಿಹಾಸ ಬರೆಯುವವರು ಈ ಸಂಗತಿಯನ್ನು ದೇಶಭಕ್ತಿಯ ಅಧ್ಯಾಯಕ್ಕೆ ಸೇರಿಸಿ ಮುಗಿಸಿಬಿಡುತ್ತಾರೆ. ನಾನು ಇದನ್ನು ಬೇರೆ ಕಡೆಯಿಂದ ನೋಡುವೆ. ಸರಕಾರದ ಕಡತದಲ್ಲಿ ಇವರು ಶಿಕ್ಷೆ ಅನುಭವಿಸಿ ಬಂದ ಕೈದಿಗಳೇ. ಅಂಥವರು ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿತರು, ಕಲಿಸಿದರು; ಜಾತ್ರೆಯಂಥ ಗದ್ದಲದಲ್ಲಿ ಮೂರ್ಛೆ ಹೋದವರನ್ನು ಎತ್ತಿದರು; ಜನ ಅವರ ಕೈಗೆ ಮೈಯೊಪ್ಪಿಸಿದರು. ಸರಕಾರದ ದಾಖಲೆ ಅಡ್ಡ ಬರಲಿಲ್ಲ. ಏಕೆಂದರೆ ಅವರ ಹಿಂದೆ ಒಂದು ಸಂಸ್ಥೆ ನಿಂತಿತ್ತು, ಒಬ್ಬ ವೈದ್ಯರ ಹೆಸರಿತ್ತು. 1932ರಲ್ಲಿ ಸರಕಾರ ದಳವನ್ನು ನಿಷೇಧಿಸಿತು. ಹರ್ಡೀಕರರು ಸಹೋದ್ಯೋಗಿಗಳೊಡನೆ ಕಟ್ಟಿ ಬೆಳೆಸಿದ ಘಟಪ್ರಭೆಯ ಆರೋಗ್ಯಧಾಮ ಮಾತ್ರ ಉಳಿದು ಬಾಳಿತು. ಆ ಹೊಳೆಯ ನೀರೇ ಕೆಳಗೆ ಹರಿದು ಬಾಗಲಕೋಟೆಗೆ ಬರುತ್ತದೆ. ಈಗಂತೂ ಆಲಮಟ್ಟಿಯ ಹಿನ್ನೀರಾಗಿ ಹಳೆಯ ಪೇಟೆಯ ಎಷ್ಟೋ ಓಣಿಗಳನ್ನು ನುಂಗಿ ನಿಂತಿದೆ.

ಕಳವು ಮಾಡಿ, ಜಗಳದಲ್ಲಿ ಕೊಡಲಿ ಎತ್ತಿ ತುರಂಗಕ್ಕೆ ಹೋದವನಿಗೆ ಇಂಥ ಸಂಸ್ಥೆ ಸಿಗಲಿಲ್ಲ. ಆದರೂ ಒಂದು ಸಣ್ಣ ಬಾಗಿಲು ಕೆಲವು ಕಾಲ ತೆರೆದಿತ್ತೆನ್ನಬಹುದು. ಅದು ಕಂಪೌಂಡರನ ಬಾಗಿಲು. ನಮ್ಮ ತಂದೆಯವರ ಕಾಲದ ಹಳ್ಳಿಗಳಲ್ಲಿ ಡಾಕ್ಟರೆಂದರೆ ದೂರದ ಮಾತು, ಕಂಪೌಂಡರನೇ ಧನ್ವಂತರಿ. ಕಾಗದದ ಗೆರೆ ಅಂಟಿಸಿದ ಬಾಟಲಿಯಲ್ಲಿ ಕೆಂಪು ಮಿಶ್ರಣ ತುಂಬಿ, ‘ಅಲುಗಾಡಿಸಿ ಕುಡಿ’ ಎಂದು ಗದರಿಸುವ ಆ ಮನುಷ್ಯನು ಯಾವ ಶಾಲೆಯಲ್ಲಿ ಕಲಿತನೆಂದು ಯಾರೂ ಕೇಳುತ್ತಿರಲಿಲ್ಲ. 1948ರ ಔಷಧ ವೃತ್ತಿಯ ಕಾಯದೆ ಇದಕ್ಕೆ ಕಟ್ಟು ಹಾಕಿತು. ಹೆಸರು ನೋಂದಾಯಿಸಿಕೊಂಡವನೇ ಔಷಧ ಕೊಡಬೇಕು. ಆದರೆ ಮೊದಲ ನೋಂದಣಿಯಲ್ಲಿ ಅದು ಒಂದು ಉದಾರತೆ ತೋರಿಸಿತು: ಆಸ್ಪತ್ರೆಯಲ್ಲಿಯೋ ದವಾಖಾನೆಯಲ್ಲಿಯೋ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ಔಷಧ ಕೂಡಿಸಿದ ಅನುಭವವಿದ್ದವರೂ ಪಟ್ಟಿಗೆ ಸೇರಬಹುದು. ಅನುಭವವೇ ವಿದ್ಯೆಯೆಂದು ಕಾಯದೆ ಒಪ್ಪಿದ ಅಪರೂಪದ ಗಳಿಗೆಯದು. ಅದರ ಜೊತೆಗೇ ಇನ್ನೊಂದು ಕಲಮು: ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿ, ಆ ಕಾರಣಕ್ಕೆ ಅನರ್ಹನೆಂದು ಸಮಿತಿಗೆ ತೋರಿದರೆ ಹೆಸರು ತೆಗೆದು ಹಾಕಬಹುದು. ಹೀಗೆ ಒಂದು ಕಲಮು ಅನುಭವಕ್ಕೆ ಕೈ ಚಾಚಿದರೆ ಇನ್ನೊಂದು ಶಿಕ್ಷೆಯ ಕಡೆಗೆ ಬೆರಳು ತೋರಿಸಿತು. ಮೊದಲ ನೋಂದಣಿಯ ಕಾಲ ಮುಗಿದು ಪದವಿ, ಡಿಪ್ಲೊಮಾಗಳು ಬಂದ ಮೇಲೆ ನೋಡಿ ಕಲಿತವನಿಗೆ ಸ್ಥಳವಿಲ್ಲದಾಯಿತು. 2021ರಲ್ಲಿ ಬಂದ ಸಹಾಯಕ ಆರೋಗ್ಯ ವೃತ್ತಿಗಳ ಕಾಯದೆ ಇನ್ನೂ ಎಷ್ಟೋ ಕೆಲಸಗಳನ್ನು ನೋಂದಣಿಯ ಬೇಲಿಯೊಳಗೆ ತಂದಿದೆ. ಬೇಲಿ ರೋಗಿಯ ರಕ್ಷಣೆಗಾಗಿಯೇ ಎಂಬುದನ್ನು ಒಪ್ಪೋಣ. ಹೊರಗೆ ಉಳಿದವರು ಯಾರೆಂಬುದನ್ನೂ ನೋಡೋಣ.

ಬೇಲಿ ದಾಟಿದ ಒಬ್ಬರ ಸುದ್ದಿ 2020ರಲ್ಲಿ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತು. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನವರು. ಹೆಸರನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಶಿಕ್ಷೆ ಮುಗಿಸಿದ ಮನುಷ್ಯನ ಹೆಸರನ್ನು ಪ್ರತಿಯೊಬ್ಬರೂ ಪ್ರತಿಸಲ ಎತ್ತಿ ಆಡಬೇಕೆಂಬ ನಿಯಮವೇನೂ ಇಲ್ಲ. 1997ರಲ್ಲಿ ವೈದ್ಯಕೀಯ ಕಾಲೇಜು ಸೇರಿದ ತರುಣ, 2002ರಲ್ಲಿ ಕೊಲೆಯ ಆರೋಪದ ಮೇಲೆ ಬಂಧಿತನಾದ. 2006ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಬೆಂಗಳೂರಿನ ಕೇಂದ್ರ ಕಾರಾಗೃಹದ ಆಸ್ಪತ್ರೆಯಲ್ಲಿ ವೈದ್ಯರಿಗೆ ನೆರವಾಗುತ್ತ, ಕ್ಷಯದ ರೋಗಿಗಳ ಸೇವೆ ಮಾಡುತ್ತ ವರ್ಷಗಳನ್ನು ಕಳೆದ. ಮುಕ್ತ ವಿಶ್ವವಿದ್ಯಾಲಯದ ಮೂಲಕ ಪತ್ರಿಕೋದ್ಯಮದಲ್ಲಿ ಎಂ.ಎ. ಕೂಡ ಮಾಡಿಕೊಂಡ. ಸನ್ನಡತೆಗಾಗಿ 2016ರಲ್ಲಿ ಬಿಡುಗಡೆಯಾದ ಮೇಲೆ ಬಿಟ್ಟ ಪಾಠವನ್ನು ಮುಂದುವರಿಸಲು ಅನುಮತಿ ಬೇಡಿದ. ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಕಾನೂನು ಸಲಹೆ ಕೇಳಿ ಒಪ್ಪಿತು. 2019ರಲ್ಲಿ ಎಂ.ಬಿ.ಬಿ.ಎಸ್. ಮುಗಿಯಿತು, ಆಗ ವಯಸ್ಸು ನಾಲ್ವತ್ತರ ಸುಮಾರು.

ಓದುಗರು ಇದನ್ನು ಓದಿ ಕಣ್ಣೊರೆಸಿಕೊಂಡದ್ದು ಸಹಜ. ನನಗೆ ಎದ್ದು ಕಂಡದ್ದು ಬೇರೆ. ಅವರಿಗೆ ದಾರಿಯಾದದ್ದು ತುರಂಗಕ್ಕೆ ಹೋಗುವ ಮೊದಲೇ ಗಿಟ್ಟಿಸಿದ್ದ ವೈದ್ಯಕೀಯ ಸೀಟು. ಅದೇ ಆಸ್ಪತ್ರೆಯಲ್ಲಿ ಅದೇ ರೋಗಿಗಳಿಗೆ ನೀರು ಕೊಟ್ಟ, ಗುಳಿಗೆ ನುಂಗಿಸಿದ, ಎಂಟನೆಯ ಇಯತ್ತೆ ಓದಿದ ಇನ್ನೊಬ್ಬ ಕೈದಿ ಹೊರಬಂದು ಏನೆಂದು ಹೇಳಿಕೊಳ್ಳಬೇಕು? ಹದಿನಾಲ್ಕು ವರ್ಷಗಳ ಕಲಿಕೆಯನ್ನು ಅವನು ಯಾವ ಕಚೇರಿಗೆ ತೋರಿಸಬೇಕು?

ಅನ್ಯದೇಶಗಳಲ್ಲಿ ಈ ಪ್ರಶ್ನೆಗೆ ಕೆಲವು ಉತ್ತರಗಳನ್ನು ಮಾಡಿ ನೋಡಿದ್ದಾರೆ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಬಿಡುಗಡೆಯಾದ 30,000ಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ವರದಿಯೊಂದು, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಸಂಭವ ಇತರರಿಗಿಂತ ಹನ್ನೆರಡು ಪಟ್ಟಿಗೂ ಮಿಗಿಲೆಂದು ತೋರಿಸಿತು. ಅಲ್ಲಿ ಮುಖ್ಯ ಕಾರಣ ಮಾದಕ ಪದಾರ್ಥ. ನಮ್ಮಲ್ಲಿಯೂ ಹಾಗೆಯೇ ಎಂದು ಕಣ್ಣು ಮುಚ್ಚಿ ಹೇಳಬಾರದು. ಆದರೆ ಬಿಡುಗಡೆಯ ದಿನವೇ ಅಪಾಯದ ದಿನವೆಂಬ ಮಾತು ಎಲ್ಲ ಕಡೆಗೂ ಯೋಚಿಸತಕ್ಕದ್ದು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 2006ರಲ್ಲಿ ತೆರೆದ ಒಂದು ಚಿಕಿತ್ಸಾಲಯ, ತುರಂಗದಿಂದ ಬಂದ ರೋಗಿಗಳನ್ನು ನೋಡಿಕೊಳ್ಳಲು ತುರಂಗದಿಂದ ಬಂದವರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತರಬೇತುಗೊಳಿಸಿ ಸಂಬಳಕ್ಕೆ ಇಟ್ಟುಕೊಂಡಿತು. ಆ ಪದ್ಧತಿ ಅನೇಕ ಊರುಗಳಿಗೆ ಹಬ್ಬಿತು. ಐರ್ಲೆಂಡಿನಲ್ಲಿ 2009ರಿಂದ ರೆಡ್ ಕ್ರಾಸ್ ಸಂಸ್ಥೆ ಕೈದಿಗಳಿಗೆ ಪ್ರಥಮ ಚಿಕಿತ್ಸೆ, ನೈರ್ಮಲ್ಯಗಳನ್ನು ಕಲಿಸಿ ತನ್ನ ಸ್ವಯಂಸೇವಕರೆಂದೇ ಪರಿಗಣಿಸಿತು. ಇಲ್ಲಿಯೂ ನಮ್ಮ ಸೇವಾ ದಳದ ಸೂತ್ರವೇ: ಹಿಂದೆ ಒಂದು ಸಂಸ್ಥೆಯ ಹೆಸರು.

ಎಲ್ಲರನ್ನೂ ದವಾಖಾನೆಗೆ ಕಳಿಸಿಬಿಡಿ ಎಂದು ನಾನು ವಾದಿಸುವುದಿಲ್ಲ. ಮಕ್ಕಳನ್ನೂ ಹೆಂಗಸರನ್ನೂ ಪೀಡಿಸಿದವನಿಗೆ ಆ ಬಾಗಿಲು ಮುಚ್ಚಿರಬೇಕು. ಮದ್ದಿನ ಕಪಾಟಿನ ಕೀಲಿಕೈಯನ್ನು ಚಟ ಬಿಡದವನಿಗೆ ಕೊಡಬಾರದು. ಆದರೆ ಒಂದು ಕ್ಷಣದ ಸಿಟ್ಟಿನಲ್ಲಿ, ಹೊಲದ ಬದುವಿನ ಜಗಳದಲ್ಲಿ ಕೈ ಮಾಡಿ, ಹತ್ತು ಹದಿನೈದು ವರ್ಷ ಒಳಗಿದ್ದು ಐವತ್ತರ ಅಂಚಿಗೆ ಹೊರಬಂದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರಲ್ಲಿ ಕೆಲವರಿಗೆ ಈ ಕೆಲಸ ಒಗ್ಗುತ್ತದೆ. ಸಂಸ್ಕೃತದ ‘ಶುಶ್ರೂಷೆ’ಗೆ ಮೂಲದ ಅರ್ಥ ಕೇಳುವ ಇಚ್ಛೆ, ಅದರಿಂದ ಸೇವೆ, ಆಮೇಲೆ ರೋಗಿಯ ಉಪಚಾರ. ಹದಿನಾಲ್ಕು ವರ್ಷ ಬೇರೆಯವರ ಮಾತನ್ನೇ ಕೇಳಿದವನಿಗೆ ಅದರ ಅಭ್ಯಾಸವಾದರೂ ಇರುತ್ತದೆ. ನೋಂದಣಿ ಬೇಡದ ಕೆಲಸಗಳೂ ಇವೆ: ಕ್ಷಯದ ರೋಗಿ ಗುಳಿಗೆಯನ್ನು ತಪ್ಪದೆ ನುಂಗುವಂತೆ ನೋಡಿಕೊಳ್ಳುವುದು, ಪಾರ್ಶ್ವವಾಯು ಹೊಡೆದವರನ್ನು ಮಗ್ಗುಲು ಬದಲಿಸುವುದು, ಮುದುಕರ ಮನೆಯಾರೈಕೆ. ದುಡಿಯುವ ಮಕ್ಕಳು ಪುಣೆ, ಬೆಂಗಳೂರು ಸೇರಿ ಹಳ್ಳಿಯ ಮನೆಗಳಲ್ಲಿ ಮುದುಕರೇ ಉಳಿದಿರುವ ಈ ದಿನಗಳಲ್ಲಿ ಅಂಥ ಕೈಗಳಿಗೆ ಬೇಡಿಕೆ ಇಲ್ಲವೆನ್ನುವವರು ಬಾದಾಮಿ, ಹುನಗುಂದ ತಾಲೂಕುಗಳಲ್ಲಿ ಒಮ್ಮೆ ತಿರುಗಾಡಿ ಬರಬೇಕು.

ಅಡ್ಡಿ ಎರಡು. ಕೆಲಸ ಕೊಡುವವರು ಕೇಳುವ ಪೊಲೀಸರ ನಡತೆ ಪತ್ರ ಒಂದು. ಕಲಿತದ್ದಕ್ಕೆ ಸಾಕ್ಷಿ ಇಲ್ಲದಿರುವುದು ಇನ್ನೊಂದು. ಮೊದಲನೆಯದು ದೊಡ್ಡವರು ದಿಲ್ಲಿಯಲ್ಲಿ ಬಗೆಹರಿಸಬೇಕಾದದ್ದು; ಕೇಂದ್ರ ಗೃಹ ಇಲಾಖೆ 2023ರಲ್ಲಿ ಹೊರಡಿಸಿದ ಮಾದರಿ ಕಾರಾಗೃಹ ಕಾಯದೆಯಲ್ಲಿ ವೃತ್ತಿಶಿಕ್ಷಣದ ಮಾತೂ ಬಿಡುಗಡೆಯ ಅನಂತರದ ನೆರವಿನ ಮಾತೂ ಬಂದಿದೆ. ಎರಡನೆಯದಕ್ಕೆ ದಿಲ್ಲಿಯ ವರೆಗೆ ಹೋಗಬೇಕಾಗ���ಲ್ಲ. ಬಾಗಲಕೋಟೆಯಲ್ಲಿ ಜಿಲ್ಲಾ ಕಾರಾಗೃಹವಿದೆ. 2002ರಿಂದ ವೈದ್ಯಕೀಯ ಕಾಲೇಜಿದೆ, ಶುಶ್ರೂಷಾ ಶಾಲೆಗಳಿವೆ, ಇಳಕಲ್ಲಿನಲ್ಲಿ ಆಯುರ್ವೇದ ಕಾಲೇಜಿದೆ. ಕಲಿಸುವವರು ವಾರಕ್ಕೆರಡು ದಿನ ಒಳಗೆ ಹೋಗಬಹುದು, ಪರೀಕ್ಷೆ ಮಾಡಬಹುದು. ಕೊಡುವ ಪತ್ರದ ಮೇಲೆ ಕಲಿಸಿದ ಸಂಸ್ಥೆಯ ಹೆಸರು, ಕಲಿತವನ ಹೆಸರು, ಕಲಿತ ವಿದ್ಯೆ, ಇಸವಿ ಇಷ್ಟು ಇದ್ದರೆ ಸಾಕು. ಅಫಜಲಪುರದವರು ಒಳಗಿದ್ದೇ ಗಳಿಸಿದ ಎಂ.ಎ. ಪದವಿಯನ್ನು ಕೊಟ್ಟದ್ದು ವಿಶ್ವವಿದ್ಯಾಲಯ, ತುರಂಗವಲ್ಲ.